ನಾನ್ಯಾರಿಗೆ ಹೇಳ್ಲಿ?

ಗಂಡನ ತಲೆ ಊಟದ ಕುರ್ಚಿಯ ಬೆನ್ನಿನ ಪಟ್ಟಿಗಳ ನಡುವೆ ಸಿಕ್ಕಿಬಿದ್ದು ಇಪ್ಪತ್ತು ನಿಮಿಷವಾಗಿತ್ತು. ಹೆಂಡತಿ ಅವನ ಕಿವಿಗಳಿಗೆ ಅಡುಗೆ ಎಣ್ಣೆ ಸವರುತ್ತಿದ್ದಳು. ಮುಖದಲ್ಲಿ ಕನಿಕರವಿತ್ತು. ಮನಸ್ಸು ಮಾತ್ರ ಇದನ್ನು ಯಾವ ವಾಕ್ಯದಿಂದ ಶುರು ಮಾಡಲಿ ಎಂದು ಯೋಚಿಸುತ್ತಿತ್ತು.

“ಯಾರಿಗೂ ಹೇಳ್ಬೇಡ ಕಣೇ,” ಎಂದ ಅವನು, ಕುರ್ಚಿಯೊಳಗಿಂದ.

“ನಾನ್ಯಾರಿಗೆ ಹೇಳ್ಲಿ?”

ಹನ್ನೊಂದು ಸಾವಿರ ಜನರಿಗೆ ಹೇಳುವವಳಿದ್ದಳು.

ಅವಳಿಗೆ ಗ್ರಂಥಾಲಯದಲ್ಲಿ ಕೆಲಸ. ದಿನವಿಡೀ ಬೇರೆಯವರ ಬಾಯಿ ಮುಚ್ಚಿಸುವ ಉದ್ಯೋಗ. ತನ್ನ ಬಾಯಿ ಬಿಚ್ಚಲು ಇದ್ದದ್ದು ಮಲಗುವ ಕೋಣೆಯ ಬಟ್ಟೆ ಕಪಾಟು ಒಂದೇ. ಪ್ರತಿ ಭಾನುವಾರ ಬೆಳಗ್ಗೆ ಕೋಟುಗಳ ನಡುವೆ ಕೂತು, ಯಾರ ಹೆಸರೂ ಹೇಳದೆ, ‘ನಮ್ಮನೆಯವರು’ ಎಂಬ ನಗೆ ಪಾಡ್‌ಕಾಸ್ಟ್ ನಡೆಸುತ್ತಿದ್ದಳು. ವಿಷಯ, ಗಂಡ ಆ ವಾರ ಮಾಡಿಕೊಂಡ ಎಡವಟ್ಟು. ವ್ಯಾಕ್ಯೂಮ್ ಕ್ಲೀನರ್ ಅವನ ಟೈ ನುಂಗಿದ ಕಂತು ಸಪ್ಪೆಯೆಂದು ಕೇಳುಗರು ಗೊಣಗಿದ್ದರು. ಪುಣ್ಯಕ್ಕೆ ಎರಡೇ ದಿನದಲ್ಲಿ ಈ ಕುರ್ಚಿ ಒದಗಿಬಂತು.

ಎರಡು ವರ್ಷದ ಹಿಂದೆ ಅವಳ ಅಕ್ಕ ತೀರಿಕೊಂಡಿದ್ದಳು. ಆಮೇಲೆ ಆರು ತಿಂಗಳು ಅವಳು ನಕ್ಕಿರಲಿಲ್ಲ. ಒಂದು ದಿನ ಗಂಡ ಪ್ಯಾಂಟಿನ ಒಂದೇ ಕಾಲಿಗೆ ತನ್ನ ಎರಡೂ ಕಾಲು ತೂರಿಸಿ, ಕುಪ್ಪಳಿಸುತ್ತ ಬಂದು ಸೋಫಾದ ಹಿಂದೆ ಮಾಯವಾದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಲ್ಲಿಂದ ಅವನಿಗೆ ವಾರಕ್ಕೊಂದು ಅನಾಹುತ ತಪ್ಪಲಿಲ್ಲ.

ವಿಚಿತ್ರವೆಂದರೆ ಅವನು ಕೈಗಡಿಯಾರ ರಿಪೇರಿ ಮಾಡುವವನು. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು ಕೂರಿಸುವ ಕೈ ಅವನದು. ಮನೆಗೆ ಬಂದರೆ ಅದೇ ಕೈ ಹೂದಾನಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಸುಸ್ತಾಗಿರಬೇಕು ಪಾಪ, ಎಂದುಕೊಳ್ಳುತ್ತಿದ್ದಳು.

ಅವಳು ಕಪಾಟಿನಲ್ಲಿರುವಷ್ಟು ಹೊತ್ತು ಅವನು ಹಾಲ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ಬ್ರಿಟಿಷ್ ಹಾಸ್ಯ ಧಾರಾವಾಹಿ ನೋಡುತ್ತಿದ್ದ, ಇಂಗ್ಲಿಷ್ ಸುಧಾರಿಸಲಿ ಎಂದು. ಪರದೆಯ ಮೇಲೆ ಯಾರೋ ಏಣಿಯಿಂದ ಜಾರಿ ಕೇಕಿನ ಮೇಲೆ ಬಿದ್ದರೂ ಅವನ ತುಟಿ ಅಲುಗುತ್ತಿರಲಿಲ್ಲ. ಗಂಭೀರವಾಗಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದ. ಇಷ್ಟಾದರೂ ಅವನ ಇಂಗ್ಲಿಷ್ ಇದ್ದಲ್ಲೇ ಇತ್ತು.

ಕುರ್ಚಿಯ ಕಂತು ಭರ್ಜರಿಯಾಗಿ ಓಡಿತು. ಮುಂದಿನ ಶನಿವಾರ ಊಟಕ್ಕೆ ಕೂತಾಗ ಅವನು ಜೇಬಿನಿಂದ ಗಡಿಯಾರದ ಗಾಜು ಅಂಟಿಸುವ ಗೋಂದಿನ ಟ್ಯೂಬು ತೆಗೆದು ಮೇಜಿನ ಮೇಲಿಟ್ಟ.

“ಅಂಗಡೀಲಿ ಗಿರಾಕಿಯೊಬ್ರು ಹೇಳ್ತಿದ್ರು. ಯಾರೋ ಹೆಂಗಸು ಗಂಡನ ಮಾನ ಹರಾಜು ಹಾಕೋ ಪಾಡ್‌ಕಾಸ್ಟ್ ಇದೆಯಂತೆ.”

“ನೀವು ಕೇಳಿದ್ರಾ?”

“ನಂಗೆಲ್ಲಿ ಪುರುಸೊತ್ತು? ಪಾಪ, ಗೊತ್ತಾದ್ರೆ ಆ ಗಂಡ ಏನ್ಮಾಡ್ತಾನೋ.”

ಅವಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ವಾಪಸು ಹಾಕಿದಳು. ತನ್ನನ್ನು ಮತ್ತೆ ನಗುವಂತೆ ಮಾಡಿದವನನ್ನೇ ಊರಿಗೆಲ್ಲ ನಗೆಪಾಟಲು ಮಾಡಿದ್ದಳು. ಅದು ಇನ್ನೊಬ್ಬರ ಬಾಯಿಂದ ಗೊತ್ತಾದರೆ ಅವನು ಮುಂದೆ ತನಗೆ ಮುಖ ಕೊಟ್ಟು ಮಾತಾಡುವನೇ? ತುಂಬಾ ನಾಚಿಕೆಯಾಯಿತು. ನಾಳೆ ಎಲ್ಲ ಹೇಳಿ ತಪ್ಪೊಪ್ಪಿಕೊಳ್ಳುವುದು, ಪಾಡ್‌ಕಾಸ್ಟ್ ನಿಲ್ಲಿಸುವುದು ಎಂದು ತೀರ್ಮಾನಿಸಿದಳು.

ಭಾನುವಾರ ಅವಳು ಕಪಾಟಿಗೆ ಹೋಗದೆ ಹಾಲ್‌ಗೆ ಬಂದಳು. ಅವನು ಆಗಲೇ ಟವೆಲ್ ಹೆಗಲಿಗೇರಿಸಿದ್ದ.

“ಸ್ನಾನಕ್ಕೆ ಹೋಗ್ತೀನಿ. ನನ್ನ ನೋಟ್‌ಬುಕ್ ಯಾರೂ ಮುಟ್ಬೇಡಿ.”

ಮನೆಯಲ್ಲಿದ್ದದ್ದು ಇಬ್ಬರೇ.

ಒಳಗೆಲ್ಲೋ ಬಾಗಿಲು ಹಾಕಿಕೊಂಡ ಸದ್ದು ಕೇಳಿದ್ದೇ ತಡ, ಅವಳು ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಇಂಗ್ಲಿಷ್ ಪದ ಒಂದೂ ಇರಲಿಲ್ಲ. ಅಚ್ಚುಕಟ್ಟಾದ ಕೈಬರಹದಲ್ಲಿ, ತಾರೀಖು ಹಾಕಿ, ಮೊದಲ ಪುಟದಲ್ಲಿ ಹೀಗಿತ್ತು:

‘ಪ್ಯಾಂಟು. ಆರು ತಿಂಗಳಿಗೆ ಮೊದಲ ಸಲ ನಕ್ಕಳು. ವಾರಕ್ಕೊಂದು ಮಾಡುವುದು.’

ಹೆಬ್ಬೆರಳಲ್ಲೇ ಪುಟ ಸರಿಸಿದಳು. ಮುಂದೆ: ‘ಕಪಾಟಿನ ಬಾಗಿಲು ತೆಳು, ಎಲ್ಲ ಕೇಳಿಸುತ್ತದೆ. ಹೆಡ್‌ಫೋನ್ ಸುಮ್ಮನೆ ಹಾಕಿಕೊಂಡಿರುವುದು.’

ಆಮೇಲೆ: ‘ಟೈ ಸಪ್ಪೆಯಾಯಿತು. ಮಂಗಳವಾರ ಕುರ್ಚಿ. ತಲೆಯ ಅಳತೆ ಮೊದಲೇ ನೋಡಿಕೊಳ್ಳುವುದು.’

ಕೊನೆಯ ಪುಟಕ್ಕೆ ಇವತ್ತಿನದೇ ತಾರೀಖು: ‘ಯಾವಾಗಲೂ ನಾನೇ ಯಾಕೆ? ಈ ಸಲ ಅವಳು. ನೋಟ್‌ಬುಕ್ಕಿನ ರಟ್ಟಿಗೆ ಗೋಂದು.’

ಅವಳು ನೋಟ್‌ಬುಕ್ ಕೆಳಗಿಡಲು ನೋಡಿದಳು. ಅದು ಕೈಬಿಡಲಿಲ್ಲ.

“ರೀ,” ಎಂದು ಕೂಗಿದಳು. “ಯಾರಿಗೂ ಹೇಳ್ಬೇಡಿ.”

“ನಾನ್ಯಾರಿಗೆ ಹೇಳ್ಲಿ?” ಎಂಬ ಉತ್ತರ ಬಂತು, ಬಚ್ಚಲಿನಿಂದಲ್ಲ, ಬಟ್ಟೆ ಕಪಾಟಿನಿಂದ.