ಬಟ್ಟಲಿನಲ್ಲಿದ್ದ ಗಂಟು

"ಈಗ ಹೇಳಿ, ಇದು ಏನು?" ಮಗಳು ಮೊಬೈಲನ್ನು ಡಾಕ್ಟರ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಫೋಟೋದಲ್ಲಿ ಒಂದು ಸ್ಟೀಲ್ ಬಟ್ಟಲು, ಅದರೊಳಗೆ ಹೋದ ವರ್ಷ ಅಮ್ಮನ ತೋಳಿನಿಂದ ಇದೇ ಡಾಕ್ಟರು ತೆಗೆದ ಗಂಟು. ಆಪರೇಷನ್ ಮುಗಿಸಿ ಬಂದು ಅವರೇ ಹೆಮ್ಮೆಯಿಂದ ತೋರಿಸಿದ್ದರು. "ಬರೀ ಕೊಬ್ಬಿನ ಗಂಟು, ನೋಡಿದ್ರೇ ಗೊತ್ತಾಗುತ್ತೆ" ಎಂದು ಪರೀಕ್ಷೆಗೂ ಕಳಿಸದೆ ಕಸಕ್ಕೆ ಹಾಕಿಸಿದ್ದರು. ಈಗ ಅದೇ ಜಾಗದಲ್ಲಿ ಇನ್ನೊಂದು ಎದ್ದಿತ್ತು, ಕಲ್ಲಿನಂತೆ ಗಟ್ಟಿಯಾಗಿ.

"ಫೋಟೋ ನೋಡಿ ಹೇಗಮ್ಮಾ ಹೇಳೋದು?" ಡಾಕ್ಟರು ಸಿಡುಕಿದರು. "ತೆಳ್ಳಗೆ ಕೊಯ್ದು ಮೈಕ್ರೋಸ್ಕೋಪಲ್ಲಿ ನೋಡ್ಬೇಕು. ಯಾವ ಜಾತಿ ಗಡ್ಡೆ, ಜೀವಕೋಶಗಳ ರೂಪ ಎಷ್ಟು ಕೆಟ್ಟಿದೆ, ಎಷ್ಟು ಬೇಗ ಹೆಚ್ಚಾಗ್ತಿವೆ, ಎಲ್ಲಾ ನೋಡಿದ್ಮೇಲೇ ಎಷ್ಟು ಅಪಾಯದ್ದು ಅಂತ ಗ್ರೇಡ್ ಕೊಡೋದು. ಬರಿಗಣ್ಣಲ್ಲಿ ನೋಡಿ ಹೇಳೋಕೆ ನಾನೇನು ದೇವರಾ?"

ಮಗಳಿಗೆ ಮೈಯೆಲ್ಲ ಉರಿದುಹೋಯಿತು. "ಅವತ್ತು ಆಗಿದ್ರಲ್ಲ!"

ಡಾಕ್ಟರು ಅವಳನ್ನು ಬಿಟ್ಟು, ಎಲ್ಲದಕ್ಕೂ "ಹೋಗ್ಲಿ ಬಿಡೇ" ಎನ್ನುವ ಅಮ್ಮನ ಕಡೆ ತಿರುಗಿದರು. ಮೆತ್ತಗೆ ನಕ್ಕು, ಹೊಸ ಗಂಟನ್ನು ಒತ್ತಿ ನೋಡಲು ಕೈಚಾಚಿದರು. ಅಮ್ಮ ಆ ಕೈಯನ್ನು ಫಟ್ಟನೆ ತಳ್ಳಿದರು.

"ಕೈ ತೆಗೀರಿ. ಇದು ನಿಮ್ಮ ಕಸದ ಬುಟ್ಟಿಗಲ್ಲ."