ಅಲುಗಾಡದ ಮುಖ

ಜಸೀಲಾ ಕಿಟಕಿಯ ಸಂದಿಗೆ ಕಣ್ಣಿಟ್ಟಳು. ಒಳಗೆ ಟಿ.ವಿ. ಪರದೆಯ ಮೇಲೆ ಮತ್ತೆ ಅದೇ ಹೆಂಗಸು. ಕೆಂಪು ಸೀರೆ, ಗಾಳಿಗೆ ಹಾರಿದ ಸೆರಗು, ಅರ್ಧ ತೆರೆದ ತುಟಿ. ಮುಖ ಅಲುಗಾಡುತ್ತಿರಲಿಲ್ಲ. ಸಿನಿಮಾವನ್ನು ಅಲ್ಲಿಗೇ ತಡೆದು ನಿಲ್ಲಿಸಿ, ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದ ಅವಳ ಗಂಡ ಅಬ್ದುಲ್ ರವೂಫ್.

"ಬಾ," ಎಂದ ಅವನು, ಬಹಳ ಮೆಲ್ಲಗೆ. "ಒಮ್ಮೆ ಬಾ."

ಅಡುಗೆಮನೆಯಿಂದ ಮೀನಿನ ಸಾರು ತಳ ಹಿಡಿದ ವಾಸನೆ ಬಂತು. ಜಸೀಲಾಳಿಗೆ ಕಾಲು ಕೀಳಲಾಗಲಿಲ್ಲ.

ರವೂಫ್ ಗಲ್ಫಿನ ದಮ್ಮಾಮಿನಿಂದ ಪಾಣೆಮಂಗಳೂರಿಗೆ ಮರಳಿದ್ದು ಆ ವರ್ಷದ, ೧೯೯೭ರ, ಬೇಸಗೆಯಲ್ಲಿ. ಕೆಲಸವನ್ನೇ ಬಿಟ್ಟು ಬಂದಿದ್ದ. ಯಾಕೆ ಎಂದು ಕೇಳಿದರೆ, "ಸಾಕಾಯಿತು" ಎಂಬುದೊಂದೇ ಉತ್ತರ. ಉಳಿದವರು ಸೆಂಟು, ಕಂಬಳಿ ತಂದರೆ ಇವನು ತಂದದ್ದು ಒಂದು ಲೇಸರ್ ಡಿಸ್ಕ್ ಪ್ಲೇಯರ್. ಅಂಗಡಿಯಲ್ಲಿ ಮಾರುವ ನಾಜೂಕಿನ ಮಾಲಲ್ಲ. ಅವನಿದ್ದ ಎಣ್ಣೆ ಕಂಪೆನಿಯ ತರಬೇತಿ ಕೇಂದ್ರದಲ್ಲಿ ಕಾರ್ಮಿಕರಿಗೆ ಪಾಠದ ಚಿತ್ರ ತೋರಿಸಲು ದಿನವಿಡೀ ಓಡುತ್ತಿದ್ದ ಯಂತ್ರ. ಓಡಿಸುತ್ತಿದ್ದವನೂ ಅವನೇ. ಕೇಂದ್ರಕ್ಕೆ ಕಂಪ್ಯೂಟರು ಬಂದಾಗ ಅದು ಮೂಲೆ ಸೇರಿತ್ತು. ಬೂದು ಬಣ್ಣ, ಕಬ್ಬಿಣದ ಪೆಟ್ಟಿಗೆಯ ಭಾರ. ಊಟದ ತಟ್ಟೆಯಷ್ಟು ಅಗಲದ, ಹೊಳೆಯುವ ಡಿಸ್ಕುಗಳು. ಇಲ್ಲಿನ ಕರೆಂಟಿಗೆ ಹೊಂದಿಸಲು ಗುಂಯ್ ಎನ್ನುವ ಟ್ರಾನ್ಸ್‌ಫಾರ್ಮರ್ ಬೇರೆ.

ಮೊದಲ ವಾರ ಚಾವಡಿಯಲ್ಲಿ ನೆರೆಕರೆಯೆಲ್ಲ ಕೂಡಿ ಹಿಂದಿ ಸಿನಿಮಾ ನೋಡಿತು. ರವೂಫ್ ಹಾಡಿನ ಮಧ್ಯೆ ಗುಂಡಿ ಒತ್ತಿ ನಾಯಕಿಯನ್ನು ನಿಲ್ಲಿಸಿದ. "ವಿ.ಸಿ.ಆರ್.ನಲ್ಲಿ ನಿಲ್ಲಿಸಿದರೆ ಚಿತ್ರ ನಡುಗ್ತದೆ. ಇದರಲ್ಲಿ ಫೋಟೋದ ಹಾಗೆ ನಿಲ್ತದೆ, ನೋಡಿ." ಎಲ್ಲರೂ ಬೆರಗಾದರು. ಜಸೀಲಾಳಿಗೆ ಹೆಮ್ಮೆಯಾಗಿತ್ತು.

ಆಮೇಲೆ ಟಿ.ವಿ., ಯಂತ್ರ ಎರಡೂ ಒಳಕೋಣೆಗೆ ಹೋದವು. "ಚಾವಡಿಯಲ್ಲಿ ಬೆಳಕು ಜಾಸ್ತಿ," ಎಂದ ರವೂಫ್. ಕಿಟಕಿ ಮುಚ್ಚಿದ. ಮಧ್ಯಾಹ್ನದ ಊಟವಾದೊಡನೆ ಬಾಗಿಲೂ ಮುಚ್ಚತೊಡಗಿತು. ಮಾತಿಲ್ಲ, ಹಾಡಿಲ್ಲ. ಟ್ರಾನ್ಸ್‌ಫಾರ್ಮರಿನ ಗುಂಯ್ ಮಾತ್ರ.

ಹೊರಗೂ ಅವನು ಬದಲಾಗಿದ್ದ. ಬಟ್ಟೆ ಅಂಗಡಿಯ ಹನೀಫಾಕ ಜಸೀಲಾಳನ್ನು ತಡೆದು ನಿಲ್ಲಿಸಿಯೇ ಕೇಳಿದರು: "ನಿನ್ನ ಗಂಡನಿಗೆ ಗಲ್ಫಿನ ಗತ್ತು ಇನ್ನೂ ಇಳಿಯಲಿಲ್ಲವಾ? ನಾನು ಎದುರು ನಿಂತು ನಕ್ಕರೂ ಗೋಡೆಯನ್ನು ದಾಟಿದ ಹಾಗೆ ದಾಟಿ ಹೋದ, ಮಾರಾಯ್ತಿ!"

ರವೂಫ್‌ನ ಸ್ಕೂಟರು ಶೆಡ್ಡಿನಲ್ಲಿ ಧೂಳು ಹಿಡಿಯುತ್ತಿತ್ತು. ತಮ್ಮ ನೌಫಲ್‌ನನ್ನು ಕರೆದುಕೊಂಡು ಆಗಾಗ ಮಂಗಳೂರಿಗೆ ಹೋಗುತ್ತಿದ್ದ. ಎಲ್ಲಿಗೆ, ಯಾಕೆ, ಹೇಳುತ್ತಿರಲಿಲ್ಲ. ಬರುವಾಗ ಕಣ್ಣು ಕೆಂಪಗಿರುತ್ತಿತ್ತು, ಅತ್ತವನ ಹಾಗೆ.

"ಎಲ್ಲಿಗೆ ಹೋಗ್ತೀರಿ ನೀವಿಬ್ಬರು?" ಎಂದು ಜಸೀಲಾ ನೌಫಲ್‌ನನ್ನೇ ಹಿಡಿದು ಕೇಳಿದಳು.

ಅವನು ನೆಲ ನೋಡಿದ. "ಅಣ್ಣ ಆಣೆ ಹಾಕಿಸಿದ್ದಾರೆ, ಅತ್ತಿಗೆ. ನನ್ನ ಹತ್ತಿರ ಕೇಳಬೇಡಿ."

ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಪೆರ್ನಾಳ್ ಹಬ್ಬಕ್ಕೆ ಹೊಸ ಹಸಿರು ಚೂಡಿದಾರ ಹಾಕಿ ಎದುರು ನಿಂತಿದ್ದಳು. ಅವನು "ಊಟಕ್ಕಾಯಿತಾ?" ಎಂದಷ್ಟೇ ಕೇಳಿದ. ಮಾತಾಡುವಾಗ ಈಚೆಗೆ ಅವನ ನೋಟ ಅವಳ ಮುಖದ ಮೇಲೆ ನಿಲ್ಲುತ್ತಲೇ ಇರಲಿಲ್ಲ. ಹೆಗಲಿನ ಪಕ್ಕ ಎಲ್ಲೋ ಜಾರುತ್ತಿತ್ತು. ವರ್ಷಗಟ್ಟಲೆ ಕಾದು ಕುಳಿತ ಹೆಂಡತಿಯ ಮುಖ ಬೇಡವಾಗಿತ್ತು ಅವನಿಗೆ. ಪರದೆಯ ಮೇಲಿನ ಮುಖ ಬೇಕಾಗಿತ್ತು.

ಲಾಯಿಲದ ತವರಿನಿಂದ ಬಂದಿದ್ದ ತಂಗಿ ಶಮ್ನಾ ಎಲ್ಲ ಕೇಳಿಸಿಕೊಂಡಳು. ಬಾಗಿಲು ಮುಚ್ಚಿ ಮೆಲುದನಿಯಲ್ಲಿ ಹೇಳಿದಳು: "ಸಿನಿಮಾದವಳ ಮೇಲೆ ಯಾರಿಗೂ ಇಷ್ಟು ಹುಚ್ಚು ಹಿಡಿಯುವುದಿಲ್ಲ. ಅವಳ ಹಾಗೇ ಇರುವವಳು ಒಬ್ಬಳು ಗಲ್ಫಿನಲ್ಲಿ ಇದ್ದಾಳೆ. ಅಥವಾ ಮಂಗಳೂರಿನಲ್ಲಿ."

"ನನಗೂ ಹಾಗೇ ಅನಿಸ್ತದೆ."

"ಅನಿಸಿದ ಮೇಲೆ ಇಲ್ಲಿ ಯಾಕೆ ಕೂತದ್ದು? ಬಟ್ಟೆ ಕಟ್ಟು. ನಾಳೆ ಲಾಯಿಲಕ್ಕೆ ಹೋಗುವ."

ಜಸೀಲಾ ಅಂದೇ ಬಟ್ಟೆ ಕಟ್ಟಿಟ್ಟಳು. ಆದರೆ ಒಂದು ಮಾತೂ ಕೇಳದೆ ಹೋಗುವುದು ಅವಳಿಂದಾಗಲಿಲ್ಲ. ಅದಕ್ಕೇ ಮರುದಿನ ಮಧ್ಯಾಹ್ನ ಶಮ್ನಾಳನ್ನು ಜಗಲಿಯಲ್ಲಿ ಕೂರಿಸಿ ಕಿಟಕಿಯ ಹತ್ತಿರ ಬಂದಿದ್ದಳು.

"ಒಮ್ಮೆ ಬಾ" ಎಂದು ಒಳಗಿನಿಂದ ಮತ್ತೆ ಕೇಳಿತು. ಈ ಸಲ ದನಿ ಒಡೆದಿತ್ತು.

ಜಸೀಲಾ ಓಡಿ ಹೋಗಿ ಬಾಗಿಲನ್ನು ದೂಡಿದಳು. ಚಿಲಕ ಕಿತ್ತು ಬಂತು.

ರವೂಫ್ ಬೆಚ್ಚಿ ಎದ್ದ. ಸ್ಟೂಲು ಮಗುಚಿತು. "ಯಾರು?"

"ಯಾರು ಅಂತ ನಾನು ಕೇಳಬೇಕು! ಅವಳು ಯಾರು?"

"ಯಾವಳು?"

"ನಾಟಕ ಬೇಡ." ಅವಳು ಬಾಗಿಲು ದಾಟಿ ಒಳಗೆ ಬಂದಳು. "ಇಷ್ಟು ವರ್ಷ ನಾನು ನಿಮ್ಮ ದಾರಿ ನೋಡಿದ್ದು ಇದಕ್ಕಾ? ನಿಜ ಹೇಳಿ, ನಾನು ಈಗಲೇ ಹೋಗ್ತೇನೆ. ಜಗಳ ಮಾಡುವುದಿಲ್ಲ."

ರವೂಫ್ ಯಂತ್ರದ ಮೇಲೆ ಕೈಯೂರಿ ನಿಂತ.

"ಹೇಗೆ ಹೇಳುವುದು ಅಂತ ಗೊತ್ತಾಗಲಿಲ್ಲ, ಜಸೀಲಾ," ಎಂದ ಕೊನೆಗೆ. "ಹೇಳಿದರೆ ನೀನು ಹೆದರ್ತೀ ಅಂತ."

ಒಪ್ಪಿಕೊಂಡಂತಾಯಿತು. ಆದರೂ ಜಸೀಲಾ ಬೆರಳೆತ್ತಿ ಪರದೆಯನ್ನು ತೋರಿಸಿದಳು.

"ದಿನಾ ಬಾಗಿಲು ಹಾಕಿ ಮುಖಕ್ಕೆ ಮುಖ ಕೊಟ್ಟು ಕೂರ್ತೀರಲ್ಲ, ಆ ಹೆಂಗಸು. ಅವಳಲ್ಲಿ ಏನು ಕಂಡಿರಿ?"

ರವೂಫ್ ನಿಧಾನವಾಗಿ ಟಿ.ವಿ.ಯ ಕಡೆಗೆ ತಿರುಗಿದ. ಬಗ್ಗಿದ. ಹಣೆ ಗಾಜಿಗೆ ತಾಗಿತು. ಕಣ್ಣು ಕಿರಿದು ಮಾಡಿ, ಚಿತ್ರದ ಅಂಚನ್ನು ಬೆರಳಿನಿಂದ ತಡವಿದ.

"ಇದು ಹೆಂಗಸಾ?" ಎಂದ ಅವನು. "ಎಷ್ಟು ಕರೆದರೂ ಕಣ್ಣಿಗೆ ಸರಿಯಾಗಿ ಬರುವುದಿಲ್ಲ. ನಾನು ದೋಣಿ ಅಂತ ಎಣಿಸಿದ್ದೆ."