ಆರನೇ ತಿಂಗಳು

ಬಿಸಿಲು ಮೈ ಸುಡುವಷ್ಟು ಏರಿದಂದಿನಿಂದ ರಾಯಚೂರಿನವರು ಬೇಸಿಗೆಯನ್ನು ತಂಪುಕೋಣೆಗಳಲ್ಲಿ, ಯಂತ್ರ ತರಿಸುವ ತಿಂಗಳುಗಟ್ಟಲೆ ನಿದ್ದೆಯಲ್ಲಿ ಮಲಗಿಯೇ ಕಳೆಯುತ್ತಿದ್ದರು. ಮುದುಕರ ಮೈಗೆ ಆ ತಂಪು ಒಗ್ಗದು. ಹಾಗಾಗಿ ನೀಲಮ್ಮ ಈ ಸಲ ಗಂಡ ಚನ್ನವೀರನನ್ನು ಮಲಗಿಸಿ, ಹಾಸಿಗೆ ಹಿಡಿದ ಅತ್ತೆಯ ಹತ್ತಿರ ಉಳಿದಿದ್ದಳು. ಅವನನ್ನು ಮಲಗಿಸಿದ ದಿನ ತಂಪುಕೋಣೆಯ ಆಪರೇಟರ್ ಊಟಕ್ಕೆ ಹೋಗಿದ್ದ. ಎಚ್ಚರವಾಗಬೇಕಾದ ತಿಂಗಳು ಜೂನ್, ಹಾಗಾಗಿ ಯಂತ್ರದಲ್ಲಿ ಆರು ಎಂದು ಅವಳೇ ಒತ್ತಿದ್ದಳು.

ಜೂನ್ ಬಂತು, ಮಳೆ ಬಂತು, ಊರೆಲ್ಲ ಎದ್ದು ಮನೆಗೆ ಹೋಯಿತು. ಚನ್ನವೀರ ಮಾತ್ರ ಏಳಲಿಲ್ಲ.

“ಇದರಾಗ ಇರೋದು ಹಳೇ ಕಂಪ್ಯೂಟರ್ ಭಾಷಾ, ಜಾವಾಸ್ಕ್ರಿಪ್ಟ್ ಐತ್ರೀ ಅಕ್ಕಾರ,” ಎಂದ ಆಪರೇಟರ್. “ಜನವರಿಗೆ ಸೊನ್ನಿ ಅಂತೈತಿ. ಆರು ಅಂದ್ರ ಇದಕ್ಕ ಜುಲೈ.”

“ಹಂಗಾರ ಈಗ ಎಬ್ಬಸ್ರಿ. ನಮ್ಮತ್ತಿ ಇವತ್ತೋ ನಾಳೆಯೋ ಅನ್ನಂಗ ಅದಾರ.”

“ನಡುವ ಎಬ್ಬಿಸಿದ್ರ ಜೀವ ಉಳಿಯಂಗಿಲ್ರಿ.”

ನೀಲಮ್ಮ ತಂಪುಕೋಣೆಯ ಗಾಜಿನ ಮೇಲೆ ಕೈಯಿಟ್ಟು ನಿಂತಳು. ಗಂಡ ಒಂದು ಮಾರು ದೂರದಲ್ಲಿ ನೆಮ್ಮದಿಯಾಗಿ ಉಸಿರಾಡುತ್ತಿದ್ದ.

ಅವಳು ಮನೆಗೆ ಬಂದಾಗ ಅತ್ತೆ ಕಣ್ಣು ತೆರೆದರು. “ಬಂದನೇನವ್ವಾ?”

“ಇನ್ನೂ ಮಲಗ್ಯಾರ್ರೀ ಅತ್ತಿ.” ಅವಳು ಅತ್ತೆಯ ಹೊದಿಕೆ ಸರಿಮಾಡಿದಳು.

ಹೊರಗೆ ತಗಡಿನ ಮೇಲೆ ಮಳೆ ಸುರಿಯುತ್ತಿತ್ತು. ಅತ್ತೆ ಸೊಸೆಯ ಕೈ ಸವರಿದರು.

“ಮಲಗಲಿ ಬಿಡು. ಬಿಸಿಲು ಇಳದ ಮ್ಯಾಲ ಎಬ್ಬಸು.”